ಒಂದೇ ಹೆಸರಿನಡಿ ಮೂರು ಮೀನು

ಹೊನ್ನಾವರದ ಕಾಸರಕೋಡು ಬಂದರಿನಲ್ಲಿ ನನ್ನ ಕೆಲಸ ಮೀನಿನ ಹೆಸರು ಬರೆಯುವುದು. ಟ್ರಾಲ್ ಬೋಟು ಬಂದು ದಕ್ಕೆಗೆ ತಾಗಿದ ಮೇಲೆ ಅದನ್ನು ನಡೆಸುವ ತಂಡೇಲನ ಹತ್ತಿರ ಹೋಗಿ, ಎಷ್ಟು ದಿನ ಕಡಲಲ್ಲಿದ್ದರು, ಎಷ್ಟು ಆಳದಲ್ಲಿ ಎಷ್ಟು ಸಲ ಬಲೆ ಎಳೆದರು ಎಂದು ಕೇಳಿ ಬರೆದುಕೊಳ್ಳಬೇಕು. ಆಮೇಲೆ ರಾಶಿಯಿಂದ ಒಂದು ಬುಟ್ಟಿ ಮೀನು ಕೇಳಿ ಪಡೆದು, ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದು, ಬಗೆಬಗೆಯಾಗಿ ಬೇರ್ಪಡಿಸಿ ತೂಗಬೇಕು. ಒಂದೊಂದು ಬಗೆಯಲ್ಲಿ ಕೆಲವನ್ನು ಹಲಗೆಯ ಮೇಲಿಟ್ಟು ಮೂತಿಯಿಂದ ಬಾಲದ ತನಕ ಅಳೆಯಬೇಕು. ಕೊನೆಗೆ ಅಚ್ಚು ಹಾಕಿದ ಹಾಳೆಯಲ್ಲಿ ಪ್ರತಿಯೊಂದರ ಎದುರು ಎರಡು ಪದದ ಲ್ಯಾಟಿನ್ ಹೆಸರು ಬರೆದು, ತಿಂಗಳ ಕೊನೆಗೆ ಸಂಶೋಧನಾ ಸಂಸ್ಥೆಗೆ ಕಳಿಸಬೇಕು. ವಾರಕ್ಕೆ ಎರಡು ದಿನ ಭಟ್ಕಳ, ಒಂದು ದಿನ ಕುಮಟಾ ಕಡೆಯ ತದಡಿ, ಉಳಿದ ದಿನ ಹೊನ್ನಾವರ.

ಇದಕ್ಕೂ ನಾನು ಕಲಿತದ್ದಕ್ಕೂ ಸಂಬಂಧವಿರಲಿಲ್ಲ. ಕುಮಟೆಯ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಅದು ಮುಚ್ಚಿತು. ಅಲ್ಲಿ ನನ್ನೊಟ್ಟಿಗೆ ಅಕ್ಷರ ಜೋಡಿಸುತ್ತಿದ್ದ ಗೆಳೆಯ ಮೊದಲೇ ಅದನ್ನು ಬಿಟ್ಟು ಈ ಮೀನಿನ ಲೆಕ್ಕದ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಅವನಿಗೆ ಭಟ್ಕಳದ ಕಚೇರಿಯಲ್ಲಿ ಬೇರೆ ಜವಾಬ್ದಾರಿ ಸಿಕ್ಕಿದಾಗ ಖಾಲಿಯಾದ ಜಾಗಕ್ಕೆ ನನ್ನ ಹೆಸರು ಹೇಳಿದ. ಹೀಗೆ ನಲವತ್ತನಾಲ್ಕನೇ ವಯಸ್ಸಿನಲ್ಲಿ ನಾನು ಪ್ರಾಣಿಗಳಿಗೆ ಹೆಸರಿಡುವ ಕ್ರಮವನ್ನು ಮೊದಲಕ್ಷರದಿಂದ ಕಲಿಯಲು ಕುಳಿತೆ.

ಗೆಳೆಯ ಒಂದು ವಾರ ಜೊತೆಗಿದ್ದು ಕಲಿಸಿದ. ಬಂಗುಡೆ, ತಾರ್ಲೆ, ಸಿಗಡಿ, ಏಡಿ ಎಲ್ಲದರ ಲ್ಯಾಟಿನ್ ಹೆಸರನ್ನು ಒಂದು ಹಳೆಯ ನೋಟುಬುಕ್ಕಿನಲ್ಲಿ ಕನ್ನಡದ ಅಕ್ಷರದಲ್ಲೇ ಬರೆದಿಟ್ಟಿದ್ದ. ಅದನ್ನೇ ಕೊಟ್ಟ. ಮೀನಿನ ಪುಡಿ ಮಾಡುವ ಕಾರ್ಖಾನೆಗೆ ಹೋಗುವ ಸಣ್ಣ ಮೀನಿನ ರಾಶಿಯಲ್ಲಿ ಅಂಗೈಯಗಲದ, ಚಪ್ಪಟೆ, ಬೆಳ್ಳಿಯ ತಗಡಿನಂತೆ ಹೊಳೆಯುವ ಮೀನುಗಳು ಬಹಳ ಇರುತ್ತಿದ್ದವು. ಮುಟ್ಟಿದರೆ ಕೈಗೆಲ್ಲ ಲೋಳೆ. ಪುಸ್ತಕದಲ್ಲಿ ಇವಕ್ಕೆ ಬೆಳ್ಳಿಹೊಟ್ಟೆ ಎಂಬ ಅರ್ಥದ ಹೆಸರಿತ್ತು. ಬಂದರಿನಲ್ಲಿ ಇವೂ ಸೇರಿ ಎಲ್ಲವೂ ಪುಡಿಮೀನು. ಇವನ್ನೆಲ್ಲ ಏನೆಂದು ಬರೆಯಬೇಕು ಎಂದು ಕೇಳಿದೆ. ಎಲ್ಲವನ್ನೂ ‘ಲಿಯೋಗ್ನಾಥಸ್ ಸ್ಪ್ಲೆಂಡೆನ್ಸ್’ ಎಂದು ಬರೆದುಬಿಡು, ಗೊಬ್ಬರಕ್ಕೆ ಹೋಗುವ ಮೀನನ್ನು ಯಾರೂ ಕೇಳುವುದಿಲ್ಲ ಎಂದ. ನಾನು ಹಾಗೇ ಬರೆದೆ. ಡಿಸೆಂಬರ್, ಜನವರಿ, ಫೆಬ್ರವರಿ, ಮೂರು ತಿಂಗಳು.

ಹೊನ್ನಾವರದ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಹಿಡಿದಿದ್ದೆ. ಮನೆಯ ಯಜಮಾನರು ಒಳ್ಳೆಯವರು. ಆದರೆ ಬಂದರಿನಿಂದ ಬಂದ ಬಟ್ಟೆ ಹೊರಗಿನ ಕಲ್ಲಿನ ಮೇಲೇ ಬಿಚ್ಚಿಡಬೇಕು ಎಂದು ಮೊದಲ ದಿನವೇ ಹೇಳಿದ್ದರು. ಬಂದರಿನಲ್ಲಿ ನನ್ನನ್ನು ಸರಕಾರದವನೆಂದು ತಿಳಿದು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದರು. ಅಮ್ಮ ಹಿಂದಿನ ವರ್ಷ ತೀರಿಕೊಂಡಿದ್ದಳು. ಮದುವೆಯಾಗಿರಲಿಲ್ಲ. ಭಟ್ಕಳಕ್ಕೆ ಹೋದ ದಿನ ಗೆಳೆಯನ ಮನೆಯಲ್ಲಿ ಮಧ್ಯಾಹ್ನದ ಊಟ. ವಾರದಲ್ಲಿ ನನ್ನೊಟ್ಟಿಗೆ ಮತ್ತೊಬ್ಬರು ಕುಳಿತು ಉಣ್ಣುತ್ತಿದ್ದುದು ಆ ಎರಡು ದಿನ ಮಾತ್ರ. ಉಳಿದ ಸಂಜೆಗಳಲ್ಲಿ ಸಂಸ್ಥೆಯವರು ಕೊಟ್ಟ ದಪ್ಪ ಪುಸ್ತಕ ತೆಗೆದು ಲ್ಯಾಟಿನ್ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದೆ. ಎಷ್ಟೋ ದಿನ ನನ್ನ ಧ್ವನಿ ನನಗೇ ಕೇಳಿಸುತ್ತಿದ್ದುದು ಆಗ ಮಾತ್ರ.

ಆ ಪುಸ್ತಕದಿಂದ ಕಲಿತ ಮೊದಲ ಪಾಠ, ವರ್ಗೀಕರಣವೆಂದರೆ ವಿಳಾಸ ಬರೆದಂತೆ ಎಂಬುದು. ರಾಜ್ಯ, ಜಿಲ್ಲೆ, ತಾಲೂಕು, ಊರು, ಕೇರಿ, ಮನೆ, ಕೊನೆಗೆ ಆಳು. ಹಾಗೆಯೇ ಇಲ್ಲಿ ಸಾಮ್ರಾಜ್ಯ, ವಂಶ, ವರ್ಗ, ಗಣ, ಕುಟುಂಬ, ಜಾತಿ, ಪ್ರಭೇದ. ಎರಡು ಪದದ ಹೆಸರಿನಲ್ಲಿ ಮೊದಲನೆಯದು ಜಾತಿ, ಅದಕ್ಕೆ ಇಂಗ್ಲಿಷಿನ ದೊಡ್ಡಕ್ಷರ. ಎರಡನೆಯದು ಪ್ರಭೇದ, ಅದಕ್ಕೆ ಎಂದಿಗೂ ಚಿಕ್ಕಕ್ಷರ. ಎರಡೂ ಓರೆ ಅಚ್ಚಿನಲ್ಲಿ. ಇದು ನನಗೆ ಬೇಗ ಹತ್ತಿತು, ಕರಡು ತಿದ್ದುವವನ ಕಣ್ಣಲ್ಲವೇ. ಆದರೆ ಯಾವುದು ಯಾವ ಮನೆಯದ್ದು ಎಂಬುದು ಹತ್ತಲಿಲ್ಲ. ನೀರಿನಲ್ಲಿ ಈಜುವ, ಹತ್ತು ಕೈಗಳ ಬೊಂಡಾಸವೂ ಅಘನಾಶಿನಿ ಹೊಳೆಯ ಕೆಸರಿನಲ್ಲಿ ಹೂತಿರುವ ಚಿಪ್ಪಿನ ಬಳಚೂ ಒಂದೇ ವಂಶ ಎಂದು ಓದಿದ ದಿನ ತುಂಬಾ ಹೊತ್ತು ಪುಟ ತಿರುಗಿಸದೆ ಕುಳಿತಿದ್ದೆ. ಒಂದಕ್ಕೆ ಮೈಮೇಲೆ ಚಿಪ್ಪು, ಇನ್ನೊಂದಕ್ಕೆ ಮೈಯೊಳಗೆ ಅದರ ಉಳಿಕೆ. ನೋಡಲಿಕ್ಕೆ ಹೇಗಿದೆ ಎಂಬುದಕ್ಕಿಂತ ಹೇಗೆ ಕಟ್ಟಿದೆ ಎಂಬುದು ಮುಖ್ಯ ಎಂದು ಅಲ್ಲಿ ಬರೆದಿತ್ತು.

ಮೊದಲ ಪೆಟ್ಟು ಬಿದ್ದದ್ದು ನನ್ನ ಹಳೆಯ ಕಸುಬಿನಿಂದಲೇ. ಸಂಸ್ಥೆಯ ವಿಜ್ಞಾನಿ ಮೇಡಂ ಒಬ್ಬರು ಫೋನಿನಲ್ಲಿ ನನ್ನ ಕೆಲಸ ನೋಡಿಕೊಳ್ಳುತ್ತಿದ್ದರು. ಅವರು ಕಳಿಸಿದ ಹೆಸರುಗಳ ಪಟ್ಟಿಯನ್ನು ಶುದ್ಧಪ್ರತಿ ಮಾಡಿ ಕಳಿಸಬೇಕಿತ್ತು. ಪಟ್ಟಿಯಲ್ಲಿ ಪ್ರತಿ ಮೀನಿನ ಹೆಸರಿನ ಮುಂದೆ ಅದಕ್ಕೆ ಮೊದಲು ಹೆಸರಿಟ್ಟವರ ಹೆಸರಿತ್ತು. ಕೆಲವು ಕಂಸದೊಳಗೆ, ಕೆಲವು ಕಂಸವಿಲ್ಲದೆ. ಅಚ್ಚಿನ ಅಶಿಸ್ತು ಎಂದುಕೊಂಡು ನಾನು ಎಲ್ಲ ಕಂಸಗಳನ್ನೂ ತೆಗೆದುಹಾಕಿ ಒಂದೇ ಸಮ ಮಾಡಿದೆ. ‘ಸ್ಪ್ಲೆಂಡೆನ್ಸ್’ ಎಂಬುದರ ಹಿಂದೆ ‘ಯೂಬ್ಲೀಕೇರಿಯಾ’ ಎಂದಿದ್ದುದನ್ನೂ ಮುದ್ರಣದೋಷವೆಂದು ಹೊಡೆದು, ಗೆಳೆಯನ ನೋಟುಬುಕ್ಕಿನಂತೆ ‘ಲಿಯೋಗ್ನಾಥಸ್’ ಎಂದು ಬರೆದೆ.

ಮೇಡಂ ಸಿಟ್ಟಾಗಲಿಲ್ಲ. ಕಂಸ ಸುಮ್ಮನೆ ಹಾಕಿದ್ದಲ್ಲ ಎಂದರು. ಮೊದಲು ಹೆಸರಿಟ್ಟವರು ಆ ಮೀನನ್ನು ಒಂದು ಜಾತಿಯಲ್ಲಿ ಸೇರಿಸಿರುತ್ತಾರೆ. ಆಮೇಲೆ ಬಂದವರು ಚೆನ್ನಾಗಿ ನೋಡಿ ಅದನ್ನು ಬೇರೆ ಜಾತಿಗೆ ಸರಿಸಿದರೆ ಮೊದಲಿನವರ ಹೆಸರಿಗೆ ಕಂಸ ಬೀಳುತ್ತದೆ. ಕಂಸ ಕಂಡರೆ ಈ ಪ್ರಾಣಿ ಮನೆ ಬದಲಿಸಿದೆ ಎಂದರ್ಥ. ಮೊದಲಿನವರನ್ನು ಅಳಿಸುವುದಿಲ್ಲ, ತಿದ್ದಿದ್ದನ್ನು ಬಚ್ಚಿಡುವುದೂ ಇಲ್ಲ. ನಾನು ಒಂದು ಸಂಜೆಯಿಡೀ ಕೂತು ಎಲ್ಲ ಕಂಸಗಳನ್ನೂ, ಹೊಡೆದುಹಾಕಿದ್ದ ‘ಯೂಬ್ಲೀಕೇರಿಯಾ’ವನ್ನೂ ಮತ್ತೆ ಹಾಕಿದೆ.

ಎರಡನೆಯ ಪೆಟ್ಟು ದೊಡ್ಡದು. ಅದು ಮಾರ್ಚಿನಲ್ಲಿ, ಕಾಸರಕೋಡಿನ ಮರಳಿನ ಮೇಲೆ.

ಅಲ್ಲಿ ಮೀನು ಒಣಗಿಸುವ ಹೆಂಗಸರಿದ್ದಾರೆ. ಅವರಲ್ಲಿ ಒಬ್ಬಾಕೆಗೆ ಅರವತ್ತರ ಮೇಲಿರಬಹುದು. ತೆಂಗಿನ ಗರಿಯ ಚಪ್ಪರದ ಕೆಳಗೆ ಕುಳಿತು ರಾಶಿ ಹೆಕ್ಕುತ್ತಿದ್ದಳು. ಪಕ್ಕದವರ ಹತ್ತಿರ ಕೊಂಕಣಿ, ನನ್ನ ಹತ್ತಿರ ಕನ್ನಡ. ಬಿಸಿಲು ಹೆಚ್ಚಾದ ದಿನ ನಾನೂ ಆ ನೆರಳಿಗೆ ಹೋಗಿ ನನ್ನ ಬುಟ್ಟಿ ಸುರಿಯುತ್ತಿದ್ದೆ. ನಾನು ಬೆಳ್ಳಿಹೊಟ್ಟೆಗಳನ್ನೆಲ್ಲ ಒಂದೇ ಗುಡ್ಡೆ ಹಾಕುವುದನ್ನು ಆಕೆ ಕೆಲವು ದಿನದಿಂದ ನೋಡುತ್ತಿದ್ದಿರಬೇಕು. ಆ ದಿನ ನೇರವಾಗಿ ಕೇಳಿದಳು.

“ತಮ್ಮಾ, ಇವೆಲ್ಲ ಒಂದೇ ಹೇಳಿ ಬರಿಯೂದನಾ ನೀನು?”

ಹೌದು ಅಕ್ಕಾ ಎಂದೆ. ಆಕೆ ನಗಲಿಲ್ಲ. ನನ್ನ ಗುಡ್ಡೆಯಿಂದ ಒಂದು ಮೀನು ತೆಗೆದುಕೊಂಡಳು. ಹೆಬ್ಬೆರಳು ತೋರುಬೆರಳಿನಲ್ಲಿ ಅದರ ತುಟಿ ಹಿಡಿದು ಮೆಲ್ಲನೆ ಎಳೆದಳು. ಬಾಯಿ ಸಣ್ಣ ಕೊಳವೆಯಂತೆ ಹೊರಗೆ ಬಂತು, ಮೇಲಕ್ಕೆ ಬಾಗಿಕೊಂಡು. ಎರಡನೆಯದನ್ನು ಎಳೆದಳು. ಅದರ ಕೊಳವೆ ಕೆಳಕ್ಕೆ ಬಾಗಿತು. ಗುಡ್ಡೆ ಕೆದಕಿ ಮೂರನೆಯದೊಂದನ್ನು ಹುಡುಕಿ ಎಳೆದಳು. ಅದು ನೆಟ್ಟಗೆ ಮುಂದಕ್ಕೆ ಬಂತು, ಒಳಗೆ ಚೂಪಾದ ಸಣ್ಣ ಹಲ್ಲು.

“ಇದು ಮೇಲೆ ನೋಡೂದು. ಒಣಗಿದ್ರೆ ಬರೀ ಮುಳ್ಳು, ಯಾರೂ ತಕಣೂದಿಲ್ಲ. ಇದು ಕೆಳಗೆ ನೋಡೂದು, ಇದ್ಕೆ ಮಾಂಸ ಇದೆ. ಇದು ಕಚ್ಚೂದು. ಮೂರು ಬೇರೆ ಬೇರೆ.”

ಎಲ್ಲಿಂದ ಕಲಿತಿರಿ ಎಂದು ಕೇಳಿದೆ. ಕಲಿಯುವುದು ಎಂತದು, ಒಟ್ಟಿಗೆ ಒಣಗಿಸಿದರೆ ಗಿರಾಕಿ ಬೈಯುತ್ತಾನೆ ಎಂದಳು. ಮತ್ತೆ ತನ್ನ ರಾಶಿಗೆ ತಿರುಗಿದಳು.

ಕೋಣೆಗೆ ಬಂದು ಪುಸ್ತಕ ತೆಗೆದೆ. ಬೆಳ್ಳಿಹೊಟ್ಟೆಗಳ ಕುಟುಂಬದ ಪುಟಗಳಲ್ಲಿ ಗುರುತು ಹಿಡಿಯುವ ಕವಲು ಪಟ್ಟಿಯೊಂದಿತ್ತು. ಒಂದೊಂದು ಹೆಜ್ಜೆಯಲ್ಲೂ ಒಂದು ಪ್ರಶ್ನೆ. ಹೌದಾದರೆ ಈ ಕಡೆ, ಅಲ್ಲವಾದರೆ ಆ ಕಡೆ. ಇಷ್ಟು ದಿನ ಅದನ್ನು ದಾಟಿ ನೇರ ಚಿತ್ರ ನೋಡುತ್ತಿದ್ದೆ. ಮೊದಲ ಹೆಜ್ಜೆಗಳಲ್ಲೇ ಇತ್ತು: ಬಾಯಿಯನ್ನು ಹೊರಕ್ಕೆಳೆದಾಗ ಮೇಲಕ್ಕೆ ಬಾಗಿದರೆ ಸೆಕ್ಯುಟರ್. ಮುಂದಕ್ಕೆ ಬಂದು ಕೋರೆಹಲ್ಲಿದ್ದರೆ ಗಾಜಾ. ಕೆಳಕ್ಕೆ ಬಾಗಿದರೆ ಲಿಯೋಗ್ನಾಥಸ್ ಮತ್ತು ಅದರಿಂದ ಈಚೆಗೆ ಬೇರೆ ಮಾಡಿದ ಜಾತಿಗಳು. ಆ ಹೆಂಗಸು ಓದದೆ ಹೇಳಿದ್ದನ್ನು ನಾನು ಓದಿಯೂ ನೋಡಿರಲಿಲ್ಲ.

ಮರುದಿನದಿಂದ ಪ್ರತಿ ಬುಟ್ಟಿಯಲ್ಲೂ ಒಂದೊಂದೇ ಮೀನಿನ ಬಾಯಿ ಎಳೆದು ನೋಡತೊಡಗಿದೆ. ಬೆರಳ ತುದಿಯ ಚರ್ಮ ಲೋಳೆಯಲ್ಲಿ ನೆನೆದು ಸುಲಿಯಿತು. ಒಂದು ವಾರದಲ್ಲಿ ಸ್ಪಷ್ಟವಾಯಿತು. ಕಾಸರಕೋಡಿನ ಬುಟ್ಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೇಲೆ ನೋಡುವ ಮೀನು. ನಾನು ಮೂರು ತಿಂಗಳು ಬರೆದ ಹೆಸರಿನ ಮೀನು, ಬೆನ್ನಿನ ರೆಕ್ಕೆಯ ತುದಿಯಲ್ಲಿ ಕಪ್ಪು ಮಚ್ಚೆಯಿರುವುದು, ಅಲ್ಲೊಂದು ಇಲ್ಲೊಂದು.

ಇದನ್ನು ಮೊದಲು ಗೆಳೆಯನಿಗೆ ಹೇಳಬೇಕು ಅನ್ನಿಸಿತು. ಭಟ್ಕಳದಲ್ಲಿ ಅವನ ಮನೆಯಲ್ಲಿ ಊಟಕ್ಕೆ ಕುಳಿತಾಗ ಹೇಳಿದೆ. ಅವನು ಅನ್ನ ಕಲಸುವುದನ್ನು ನಿಲ್ಲಿಸಲಿಲ್ಲ. ಇನ್ನು ಮುಂದೆ ಸರಿಯಾಗಿ ಬರೆದರೆ ಆಯಿತು, ಹಿಂದಿನದಕ್ಕೆ ಕೈ ಹಾಕಬೇಡ ಎಂದ. ನಾನು ಬರೆದ ಮೂರು ತಿಂಗಳದ್ದನ್ನಾದರೂ ತಿಳಿಸಬೇಕಲ್ಲ ಎಂದೆ. ಆಗ ತಲೆಯೆತ್ತಿದ.

“ನಿನ್ನ ಮೂರು ತಿಂಗಳು ಹೇಳಿದ್ರೆ ನನ್ನ ನಾಲ್ಕು ವರ್ಷ ಎಂತ ಆತು ಕೇಳೂದಿಲ್ವ ಅವರು?”

ಅವನಿಗೆ ಆ ಬೇಸಿಗೆಯಲ್ಲಿ ಜಿಲ್ಲೆಯ ಕರಾವಳಿಗೆಲ್ಲ ಮೇಲ್ವಿಚಾರಕನ ಜಾಗ ಸಿಗುವುದಿತ್ತು. ಅವನ ಹೆಂಡತಿ ಒಳಗಿನಿಂದ ಸಾರು ತಂದು ಬಡಿಸಿ, ಇಬ್ಬರ ಮುಖವನ್ನೂ ನೋಡಿ ಸುಮ್ಮನೆ ಒಳಗೆ ಹೋದಳು. ಕೈ ತೊಳೆಯುವಾಗ ಅವನು, ಗೊಬ್ಬರದ ಮೀನಿಗಾಗಿ ಇಷ್ಟೆಲ್ಲ ಬೇಕಾ ಮಾರಾಯಾ ಎಂದ. ಕೇಳುವ ಧ್ವನಿಯಲ್ಲೇ ಹೇಳಿದ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಎರಡು ವಾರ ಏನೂ ಮಾಡಲಿಲ್ಲ. ದಿನವೂ ಬುಟ್ಟಿ ಸುರಿದು, ಬಾಯಿ ಎಳೆದು, ಸರಿಯಾದ ಹೆಸರು ಬರೆಯುತ್ತಿದ್ದೆ. ಆದರೆ ಹಾಗೆ ಬರೆದಷ್ಟೂ ಹಳೆಯ ಹಾಳೆಗಳು ಹೆಚ್ಚು ಸುಳ್ಳಾಗುತ್ತಿದ್ದವು. ಫೆಬ್ರವರಿಯವರೆಗೆ ಸೆಕ್ಯುಟರ್ ಎಂಬ ಮೀನು ಈ ಕಡಲಲ್ಲೇ ಇಲ್ಲ, ಮಾರ್ಚಿನಲ್ಲಿ ಒಮ್ಮೆಲೇ ರಾಶಿರಾಶಿ. ಹಾಳೆ ಓದುವವರಿಗೆ ಮೀನು ಬಂದಂತೆ ಕಾಣುತ್ತದೆ. ನಿಜವಾಗಿ ಬಂದದ್ದು ನನ್ನ ಕಣ್ಣು.

ಯಾರ ಹೆಸರೂ ಹೇಳದೆ, ಪಾಠದ ಸಂಶಯವೆಂಬಂತೆ ಫೋನಿನಲ್ಲಿ ಮೇಡಂ ಹತ್ತಿರ ಒಂದು ಮಾತು ಕೇಳಿದೆ. ಒಂದೇ ಕುಟುಂಬದ ಮೂರು ಮೀನನ್ನು ಒಂದೇ ಹೆಸರಿನಲ್ಲಿ ಬರೆದರೆ ಒಟ್ಟು ತೂಕ ಸರಿಯೇ ಇರುತ್ತದಲ್ಲ, ತೊಂದರೆ ಏನು? ಮೇಡಂ ಹೇಳಿದರು.

“ಒಂದು ಮುಗಿದುಹೋಗಿ ಆ ಜಾಗದಲ್ಲಿ ಇನ್ನೊಂದು ಹೆಚ್ಚಾದರೂ ಒಟ್ಟು ಹಾಗೇ ಇರುತ್ತದೆ. ಮುಗಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಹೆಸರಿಲ್ಲದ್ದು ಹೋದರೆ ಹೋಯಿತು ಎಂದು ಹೇಳಲಿಕ್ಕೂ ಆಗುವುದಿಲ್ಲ, ನೋಡಿ.”

ಫೋನು ಇಟ್ಟ ಮೇಲೆ ಕಾಸರಕೋಡಿನಿಂದ ಶರಾವತಿ ಸೇತುವೆಯ ಮೇಲೆ ನಡೆದು ಹೊನ್ನಾವರದ ದಡಕ್ಕೆ ಬಂದೆ. ಮರುದಿನ ಬೆಳಿಗ್ಗೆ ಮೇಡಂಗೆ ಪತ್ರ ಬರೆದೆ. ನನ್ನ ಮೂರು ತಿಂಗಳ ಹಾಳೆಗಳಲ್ಲಿ ಬೆಳ್ಳಿಹೊಟ್ಟೆಗಳ ಹೆಸರು ನಂಬುವಂಥದ್ದಲ್ಲ, ನಾನು ಅವುಗಳ ಬಾಯಿ ನೋಡದೆ ಬರೆದೆ ಎಂದು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಿಯೂ ಇದ್ದೆ. ಮಡಚಿ ಲಕೋಟೆಗೆ ಹಾಕಿದ್ದನ್ನು ಮತ್ತೆ ತೆಗೆದು ಕೆಳಗೆ ಒಂದು ಸಾಲು ಸೇರಿಸಿದೆ: ನನಗೆ ಕೆಲಸ ಹೇಳಿಕೊಟ್ಟ ಕ್ರಮವೂ ಇದೇ ಆದ್ದರಿಂದ ಹಿಂದಿನ ವರ್ಷಗಳ ಹಾಳೆಗಳನ್ನೂ ಒಮ್ಮೆ ಪರಿಶೀಲಿಸುವುದು ಒಳ್ಳೆಯದು. ಆ ಒಂದು ಸಾಲು ಬರೆಯಲು ಇಡೀ ಪತ್ರಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಪತ್ರ ಹಾಕುವ ಮೊದಲು ಗೆಳೆಯನಿಗೆ ಫೋನು ಮಾಡಿ ಆ ಸಾಲನ್ನು ಓದಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು ಫೋನು ಇಟ್ಟ.

ಮೇಡಂ ಅವರ ಉತ್ತರ ಬಂತು. ಹಳೆಯ ಹಾಳೆಗಳಲ್ಲಿ ಪ್ರಭೇದದ ಹೆಸರು ತೆಗೆದು ಬರೀ ಕುಟುಂಬದ ಮಟ್ಟಕ್ಕೆ ಇಳಿಸಬೇಕು. ಮುಂದೆಯೂ ಜಾತಿ ಗೊತ್ತಾಗಿ ಪ್ರಭೇದ ಗೊತ್ತಾಗದಿದ್ದರೆ ಜಾತಿಯ ಹೆಸರು ಬರೆದು ಪಕ್ಕದಲ್ಲಿ ‘ಎಸ್‌ಪಿ’ ಎಂದು ಬರೆದು ಚುಕ್ಕೆ ಇಡಬೇಕು. ಇಲ್ಲಿಯವರೆಗೆ ಗೊತ್ತು, ಇದರಾಚೆ ಗೊತ್ತಿಲ್ಲ ಎಂದು ಅದರ ಅರ್ಥ. ಕರಡು ತಿದ್ದುವಾಗ ಗೊತ್ತಿಲ್ಲ ಎಂದು ಬರೆಯುವ ಗುರುತು ನಮ್ಮಲ್ಲಿರಲಿಲ್ಲ. ಪುಟದ ಬದಿಯಲ್ಲಿ ಒಂದು ಪ್ರಶ್ನಾರ್ಥಕ ಹಾಕುವುದಕ್ಕೂ ನಾಚಿಕೆಪಡುತ್ತಿದ್ದೆವು. ಇಲ್ಲಿ ಅದಕ್ಕೊಂದು ಮರ್ಯಾದೆಯ ಜಾಗವಿತ್ತು. ಜೊತೆಗೆ, ಪ್ರತಿಯೊಂದು ಬಗೆಯ ಮಾದರಿಗಳನ್ನು ಕೆಡದಂತೆ ಇಟ್ಟು ಕಳಿಸಬೇಕು, ಹೊಸ ಹೆಸರುಗಳನ್ನು ಅವನ್ನು ನೋಡಿ ಖಚಿತಪಡಿಸುತ್ತೇವೆ ಎಂದಿತ್ತು.

ಏಪ್ರಿಲ್, ಮೇ ಎರಡೂ ತಿಂಗಳು ಮಾದರಿ ಕೂಡಿಸಿದೆ. ಮೀನು ತಾಜಾ ಇರುವಾಗಲೇ ರೆಕ್ಕೆಗಳನ್ನು ಹರಡಿ, ಗುಂಡುಸೂಜಿ ಚುಚ್ಚಿ, ರೆಕ್ಕೆಯ ಬುಡಕ್ಕೆ ಕುಂಚದಿಂದ ಫಾರ್ಮಲಿನ್ ದ್ರಾವಣ ಹಚ್ಚಿ ಗಟ್ಟಿ ಮಾಡಬೇಕು. ಬಣ್ಣ ಹೋಗುವ ಮೊದಲು ಫೋಟೋ ತೆಗೆಯಬೇಕು. ಹೊಟ್ಟೆಗೆ ಸೂಜಿಯಲ್ಲಿ ಸ್ವಲ್ಪ ದ್ರಾವಣ. ಆಮೇಲೆ ಪೆನ್ಸಿಲಿನಲ್ಲಿ ಬರೆದ ಚೀಟಿ ಕಟ್ಟಿ ಭರಣಿಗೆ. ಶಾಯಿಯಾದರೆ ಅಳಿದುಹೋಗುತ್ತದೆ. ಚೀಟಿಯಲ್ಲಿ ಸಂಖ್ಯೆ, ತಾರೀಕು, ಸ್ಥಳ, ಆಳ. ಮೀನಿಗೆ ಊರಿನವರು ಕರೆಯುವ ಹೆಸರನ್ನೂ ಅದು ಯಾರಿಂದ ತಿಳಿಯಿತು ಎಂಬುದನ್ನೂ ಬರೆಯಬೇಕು. ಒಣಮೀನಿನ ಅಕ್ಕನ ಹೆಸರು ಬರೆಯಲೇ ಎಂದು ಕೇಳಿದೆ. ಬೇಡ ಎಂದಳು. ನಾಳೆ ಯಾರಾದರೂ ಬಂದು ಇನ್ನೂ ಎಂತದೋ ಕೇಳಿದರೆ ತಾನು ಎಲ್ಲಿಗೆ ಹೋಗುವುದು ಎಂದಳು. ‘ಕಾಸರಕೋಡಿನ ಮೀನು ಒಣಗಿಸುವವರು’ ಎಂದು ಬರೆದುಕೊಂಡೆ.

ಭಟ್ಕಳಕ್ಕೆ ಹೋದ ದಿನಗಳಲ್ಲಿ ಬಂದರಿನ ಹತ್ತಿರದ ಹೋಟೆಲಿನಲ್ಲಿ ಉಂಡೆ. ಗೆಳೆಯನ ಮನೆಯ ಕಡೆಗೆ ಹೋಗುವ ರಸ್ತೆ ದಾಟುವಾಗ ಮೊದಲೆರಡು ಸಲ ಕಾಲು ತಡೆಯಿತು. ಆಮೇಲೆ ಬೇರೆ ದಾರಿಯಲ್ಲಿ ಹೋಗತೊಡಗಿದೆ. ಮೇಲ್ವಿಚಾರಕನ ಜಾಗ ಬೇರೆಯವರಿಗೆ ಹೋಯಿತೆಂದು ಕಚೇರಿಯ ಜವಾನನಿಂದ ತಿಳಿಯಿತು. ಅವನ ಕೆಲಸಕ್ಕೇನೂ ತೊಂದರೆಯಾಗಿರಲಿಲ್ಲ. ಆದರೆ ನಾಲ್ಕು ವರ್ಷದ ಹಾಳೆಗಳನ್ನು ಎದುರಿಗಿಟ್ಟು ಅವನನ್ನು ಕೂರಿಸಿ ಕೇಳಿದ್ದರಂತೆ.

ಜೂನಿನಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಬಂತು. ಎರಡು ತಿಂಗಳು ಟ್ರಾಲ್ ಬೋಟುಗಳಿಲ್ಲ. ದಕ್ಕೆ ಖಾಲಿ, ಒಣಗಿಸುವ ಮರಳು ಖಾಲಿ, ಅಕ್ಕ ಮಗಳ ಮನೆಗೆ ಹೋಗಿದ್ದಳು. ನಾನು ಭರಣಿಗಳ ಜೊತೆ ಕೋಣೆಯಲ್ಲಿ ಉಳಿದೆ. ಒಂದೊಂದೇ ಮೀನನ್ನು ಹೊರತೆಗೆದು ನೀರಿನಲ್ಲಿ ತೊಳೆದು, ಕನ್ನಡಕದ ಮೇಲೆ ಭೂತಗನ್ನಡಿ ಹಿಡಿದು, ಕೆನ್ನೆಯ ಮೇಲೆ ಹುರುಪೆ ಇದೆಯೋ ಇಲ್ಲವೋ, ರೆಕ್ಕೆಯ ಮುಳ್ಳು ಎಷ್ಟು ಎಂದು ಎಣಿಸಿ ಕವಲು ಪಟ್ಟಿಯಲ್ಲಿ ಮುಂದಕ್ಕೆ ಹೋಗುತ್ತಿದ್ದೆ. ಕೆಲವೊಮ್ಮೆ ಐದನೇ ಹೆಜ್ಜೆಯಲ್ಲಿ ದಾರಿ ತಪ್ಪಿದ್ದು ತಿಳಿದು ಮತ್ತೆ ಒಂದರಿಂದ ಶುರು. ಆ ಎರಡು ತಿಂಗಳಲ್ಲಿ ನಾನು ಪಟ್ಟಿಯನ್ನು ಓದುವುದು ಕಲಿತೆ. ಯಾರೊಡನೆಯೂ ಮಾತಾಡದೆ ಒಂದು ವಾರ ಇರುವುದನ್ನೂ ಕಲಿತೆ. ಎರಡರಲ್ಲಿ ಯಾವುದು ಹೆಚ್ಚು ಕಷ್ಟ ಎಂದು ಈಗಲೂ ಹೇಳಲಾರೆ.

ಜುಲೈ ಕೊನೆಗೆ ಮಾದರಿಗಳನ್ನು ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಳಿಸಿದೆ. ಬೋಟುಗಳು ಮತ್ತೆ ಕಡಲಿಗಿಳಿದ ಮೇಲೆ ಸೆಪ್ಟೆಂಬರಿನಲ್ಲಿ ಮೇಡಂ ಪಟ್ಟಿ ಕಳಿಸಿದರು. ನಾನು ಹಚ್ಚಿದ ಹೆಸರುಗಳಲ್ಲಿ ಎರಡು ತಪ್ಪು. ನಾನು ಗೊತ್ತಿಲ್ಲ ಎಂದು ಚುಕ್ಕೆಯಿಟ್ಟಿದ್ದ ಒಂದು ಮೀನಿನ ಎದುರು ಅವರೂ ಅದೇ ಚುಕ್ಕೆ ಇಟ್ಟಿದ್ದರು. ನನಗೂ ಗೊತ್ತಾಗಲಿಲ್ಲ, ಇನ್ನೊಬ್ಬರಿಗೆ ತೋರಿಸುತ್ತೇನೆ ಎಂದು ಬದಿಯಲ್ಲಿ ಬರೆದಿದ್ದರು. ಕೆಲಸವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದೇವೆ ಎಂದೂ ಇತ್ತು. ಓದಿ ಸಂತೋಷವಾಯಿತು. ಯಾರಿಗೆ ಹೇಳುವುದೆಂದು ಹೊಳೆಯಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ಭಟ್ಕಳದಿಂದ ಹೊನ್ನಾವರದ ಬಸ್ಸು ಹತ್ತಿದೆ. ಶಿರಾಲಿಯಲ್ಲಿ ನನ್ನ ಪಕ್ಕದವರು ಇಳಿದರು. ಹಿಂದಿನಿಂದ ಯಾರೋ ಬಂದು ಕುಳಿತರು. ನೋಡಿದರೆ ಗೆಳೆಯ. ಬಸ್ಸು ತುಂಬಿತ್ತು, ಬೇರೆ ಜಾಗವಿರಲಿಲ್ಲ. ಮುರ್ಡೇಶ್ವರದ ತಿರುವು ದಾಟಿತು. ಆಮೇಲೆ ಅವನೇ ಕೇಳಿದ.

“ಪತ್ರದಲ್ಲಿ ನನ್ನ ಹೆಸರು ಬರ್ದಿದ್ಯಾ ನೀನು?”

ಇಲ್ಲ ಎಂದೆ. ಫೋನಿನಲ್ಲಿ ಓದಿ ಹೇಳಿದಷ್ಟೇ ಬರೆದದ್ದು, ಹಳೆಯ ಹಾಳೆಗಳಲ್ಲೂ ಯಾರ ಹೆಸರೂ ಇರಲಿಲ್ಲ, ಕೆಲಸಗಾರನ ಸಂಖ್ಯೆ ಮಾತ್ರ.

“ಸಂಖ್ಯೆ ನಂದೇ ಅಲ್ವನಾ?”

ಅವನ ಹೆಂಡತಿಯ ತವರು ಮಂಕಿ, ಅಲ್ಲಿಗೆ ಹೊರಟಿದ್ದ. ಊರು ಹತ್ತಿರ ಬಂದಾಗ ಚೀಲ ಎತ್ತಿಕೊಂಡು ಎದ್ದು ನಿಂತ. ಮೇಲಿನ ಸರಳು ಹಿಡಿದು, ನನ್ನ ಕಡೆ ನೋಡದೆ ಹೇಳಿದ.

“ತಪ್ಪು ನಿಂದಲ್ಲ, ಅದು ನಂಗೆ ಗೊತ್ತಿದ್ದು. ಆದ್ರೆ ಮನೆಗೆ ಬಾ ಹೇಳೂಕೆ ಬಾಯಿ ಬತ್ತಿಲ್ಲ ಮಾರಾಯಾ.”

ಆತು ಎಂದೆ. ಅವನು ಇಳಿದು, ರಸ್ತೆ ದಾಟಿ, ತೆಂಗಿನ ತೋಟದ ನಡುವಿನ ದಾರಿ ಹಿಡಿದ. ಕಂಡಕ್ಟರ್ ಸೀಟಿ ಊದಿದ. ನಿಂತವರು ಇನ್ನೂ ಎಷ್ಟೋ ಜನ ಇದ್ದರು, ಆದರೂ ನನ್ನ ಬಟ್ಟೆಯ ಮೀನಿನ ವಾಸನೆಗೋ ಏನೋ, ಅವನು ಎದ್ದ ಜಾಗದಲ್ಲಿ ಸ್ವಲ್ಪ ಹೊತ್ತು ಯಾರೂ ಕೂರಲಿಲ್ಲ. ನಾನೂ ಕಿಟಕಿಯ ಕಡೆಗೆ ಸರಿದುಕೊಂಡೇ ಕುಳಿತಿದ್ದೆ, ಒಬ್ಬರಿಗಾಗುವಷ್ಟು ಜಾಗ ಬಿಟ್ಟು.